ವಿಷಯೆ ಒಡೆದ ಓಲೆ

ಲಕ್ಷ್ಮೀಶನ ಜೈಮಿನಿ ಭಾರತದಲ್ಲಿ ಬರುವ ಚಂದ್ರಹಾಸನ ಉಪಾಖ್ಯಾನವು ವಾಚಕರಿಗೆ ಹೊಸದಲ್ಲ. ಕವಿಯು ನಮ್ಮ ಕಡೂರು ಸೀಮೆಯ ದೇವನೂರಿನವನೆಂಬ ಅಭಿಮಾನದಿಂದ ಅದನ್ನು ಓದಿದವರೂ ಗಮಕಿಗಳ ಬಾಯಿಂದ ಕೇಳಿದವರೂ ನಮ್ಮಲ್ಲಿ ಅನೇಕರು. (ಸುರಪುರದ ಕಡೆಯವರು ಅವನು ತಮ್ಮವನೆಂದು ವಾದಿಸುವುದುಂಟು, ಆ ವ್ಯಾಜ್ಯವನ್ನು ಇಲ್ಲಿ ಎತ್ತಿಕೊಳ್ಳುವುದಿಲ್ಲ.) ಆ ಉಪಾಖ್ಯಾನದ ನಡುವಣ ಓಲೆಯ ಪ್ರಸಂಗವನ್ನು ರಸಿಕರು ಬಹುಕಾಲದಿಂದ ಕೊಂಡಾಡುತ್ತ ಬಂದಿರುವರು. ಆದರೆ ಆ ಪ್ರಶಂಸೆಯೆಲ್ಲ ಒಂದಕ್ಷರವನ್ನು ತಿದ್ದಿದ ಚಮತ್ಕಾರಕ್ಕೇ ಮೀಸಲಾಗಿದೆ. ಮತ್ತೊಬ್ಬರ ಓಲೆಯನ್ನು ಒಡೆಯುವ ಅಧಿಕಾರ ಯಾರಿಗುಂಟು ಎಂಬ ಪ್ರಶ್ನೆಯೂ ಅದರಲ್ಲಿ ಅಡಗಿದೆಯಷ್ಟೆ. ಅದು ಅಷ್ಟಾಗಿ ಚರ್ಚೆಗೆ ಬಂದಂತೆ ತೋರದು.

ಈ ಪ್ರಶ್ನೆಯನ್ನು ಈಗ ಎತ್ತುವುದಕ್ಕೆ ಕಾರಣವಿದೆ. ಕಡೂರು, ತರೀಕೆರೆ, ಅಜ್ಜಂಪುರಗಳ ತರುಣ ತರುಣಿಯರು ರೈಲು ಹತ್ತಿ ಬೆಂಗಳೂರಿಗೆ ಹೋಗಿ ಕಂಪನಿಗಳಲ್ಲಿ ನೌಕರಿ ಮಾಡುತ್ತಿರುವರು. ಅಲ್ಲಿ ಅವರ ಬರೆವಣಿಗೆಯ ಬಹುಭಾಗ ನಡೆಯುವುದು ಈಮೇಲ್ ಎಂಬ ಮಿಂಚಂಚೆಯಲ್ಲಿ. ಕಂಪ್ಯೂಟರು ಕಂಪನಿಯದು, ಅಂಚೆಯ ಖಾತೆಯೂ ಕಂಪನಿಯದು, ಕಳುಹಿಸಿದ ಪತ್ರದ ನಕಲು ಉಳಿಯುವುದೂ ಕಂಪನಿಯ ಸರ್ವರಿನಲ್ಲಿಯೇ. ಯಜಮಾನನು ಬೇಕೆಂದಾಗ ಅದನ್ನು ಓದಬಹುದು, ಅಥವಾ ಓದುವ ಕೆಲಸವನ್ನು ಯಂತ್ರಕ್ಕೇ ಒಪ್ಪಿಸಬಹುದು. ಇದನ್ನು ಕೇಳಿದ ಹಿರಿಯರು ಕೆಲವರು, ‘ತಪ್ಪು ಮಾಡದವನಿಗೆ ಭಯವೇಕೆ? ವಿಷಯೆ ಓಲೆಯನ್ನು ಒಡೆದುದರಿಂದಲೇ ಅಲ್ಲವೆ ಚಂದ್ರಹಾಸನು ಬದುಕಿದ್ದು?’ ಎನ್ನುವುದುಂಟು. ಇದು ಕಾವ್ಯವನ್ನು ಸಾವಧಾನವಾಗಿ ಓದಿದವರ ಮಾತಲ್ಲವೆಂದು ನನ್ನ ಅಭಿಪ್ರಾಯ.

ಪ್ರಸಂಗವನ್ನು ನೆನೆದುಕೊಳ್ಳೋಣ. ತಾನು ಹಿಂದೆ ಕೊಲ್ಲಿಸಿದೆನೆಂದೇ ನಂಬಿದ್ದ ಅನಾಥ ಬಾಲಕನು ಚಂದನಾವತಿಯಲ್ಲಿ ಕುಳಿಂದನ ಮಗನಾಗಿ ಬೆಳೆದಿರುವುದನ್ನು ಕುಂತಳದ ಮಂತ್ರಿ ದುಷ್ಟಬುದ್ಧಿಯು ಕಾಣುತ್ತಾನೆ. ಕಂಡು, ತನ್ನ ಮಗ ಮದನನಿಗೆ ಓಲೆಯೊಂದನ್ನು ಬರೆದು, ಮುದ್ರೆಯೊತ್ತಿ, ಆ ಯುವಕನ ಕೈಯಲ್ಲಿಯೇ ಕೊಟ್ಟು ಕಳುಹಿಸುತ್ತಾನೆ. ತಂದವನಿಗೆ ವಿಷವನ್ನು ಕೊಡತಕ್ಕದ್ದೆಂಬುದು ಅದರ ತಾತ್ಪರ್ಯ. ಚಂದ್ರಹಾಸನು ದಾರಿಯ ಬಳಲಿಕೆಯಿಂದ ಊರ ಹೊರಗಣ ಉದ್ಯಾನದಲ್ಲಿ ಮಲಗಿ ನಿದ್ರೆಹೋಗುತ್ತಾನೆ. ಅಲ್ಲಿಗೆ ಬಂದ ಮಂತ್ರಿಯ ಮಗಳು ವಿಷಯೆ ಅವನನ್ನು ಕಂಡು ಮೋಹಗೊಂಡು, ಓಲೆಯನ್ನು ಬಿಡಿಸಿ ಓದಿ, ಕಾಡಿಗೆಯಿಂದ ಒಂದಕ್ಷರವನ್ನು ತಿದ್ದಿ, ಮೊದಲಿದ್ದಂತೆಯೇ ಮುಚ್ಚಿಡುತ್ತಾಳೆ. ವಿಷವಿದ್ದೆಡೆಯಲ್ಲಿ ವಿಷಯೆ ಬಂದಳು. ಮರಣದ ಆಜ್ಞೆ ಮದುವೆಯ ಆಜ್ಞೆಯಾಯಿತು.

ಇಲ್ಲಿ ನಾವು ಮೊದಲು ನೋಡತಕ್ಕುದು ಓಲೆಯನ್ನು ಒಡೆದವಳನ್ನಲ್ಲ, ಒಡೆಯದವನನ್ನು. ಕುಳಿಂದನು ಕುಂತಳಕ್ಕೆ ಅಧೀನನಾದುದರಿಂದ ಮಂತ್ರಿಯು ಚಂದ್ರಹಾಸನಿಗೆ ಯಜಮಾನನ ಸ್ಥಾನದಲ್ಲಿದ್ದವನು. ದಾರಿಯುದ್ದಕ್ಕೂ ಓಲೆ ಅವನ ಮೈಮೇಲೆಯೇ ಇದ್ದಿತು. ಆದರೂ ಅವನು ಮುದ್ರೆಯನ್ನು ಮುಟ್ಟಲಿಲ್ಲ. ತನ್ನ ಸಾವಿನ ಅಪ್ಪಣೆಯನ್ನು ಮಗ್ಗುಲಲ್ಲಿಟ್ಟುಕೊಂಡು ನಿಶ್ಚಿಂತನಾಗಿ ನಿದ್ರೆಹೋಗುವ ಆ ಚಿತ್ರವು ಅಕ್ಷರದ ಚಮತ್ಕಾರಕ್ಕಿಂತ ಬಹು ದೊಡ್ಡದು. ಆಳು ನಂಬಿಕೆಯಿಂದ ನಡೆದುಕೊಂಡನು. ದ್ರೋಹ ಬಂದುದು ಮುದ್ರೆಯೊತ್ತಿದ ಕೈಯಿಂದ. ಯಜಮಾನನು ಆಳಿನ ವಿಷಯವಾಗಿ ಬರೆದುದು ಆಳಿಗೆ ಮುಚ್ಚಿದ ಓಲೆ. ಕಚೇರಿಯಲ್ಲಿಯೂ ಹಾಗೆಯೇ ಅಲ್ಲವೆ? ನೌಕರನ ಪತ್ರ ಮೇಲಿನವರಿಗೆ ತೆರೆದಿದ್ದರೆ, ನೌಕರನನ್ನು ಕುರಿತು ಮೇಲಿನವರು ತಮ್ಮೊಳಗೆ ಬರೆದುಕೊಳ್ಳುವ ಪತ್ರ ಅವನಿಗೆ ತೆರೆದಿರುವುದಿಲ್ಲ. ‘ತಪ್ಪು ಮಾಡದವನಿಗೆ ಭಯವೇಕೆ’ ಎನ್ನುವವರು ಈ ಮಾತನ್ನು ಎರಡೂ ಕಡೆಗೆ ಅನ್ವಯಿಸಿ ನೋಡಿಲ್ಲ.

ಇನ್ನು ವಿಷಯೆಯ ಸಂಗತಿ. ಅವಳ ಪಕ್ಷವನ್ನು ಹಿಡಿಯುವವರು ಒಂದು ತೊಡಕನ್ನು ಒಪ್ಪಿಕೊಳ್ಳಲೇಬೇಕು: ಓಲೆಯನ್ನು ಬಿಡಿಸಿದಾಗ ಅದರಲ್ಲಿ ವಿಷವಿರುವುದು ಅವಳಿಗೆ ತಿಳಿದಿರಲಿಲ್ಲ. ತಂದೆಯು ಅಣ್ಣನಿಗೆ ಬರೆದ ಪತ್ರವನ್ನು ಅವಳು ತೆರೆದುದು ಕುತೂಹಲದಿಂದ, ಮೋಹದಿಂದ. ನಾವು ಅವಳನ್ನು ಕ್ಷಮಿಸುವುದು ಫಲವನ್ನು ನೋಡಿ. ಫಲದಿಂದ ಕಾರ್ಯವನ್ನು ಸಮರ್ಥಿಸುವುದಾದರೆ ಪತ್ರಗಳನ್ನು ಹುಡುಕಿಸಿ ಒಬ್ಬ ಕಳ್ಳನನ್ನು ಹಿಡಿದ ಯಜಮಾನನೂ ಅದೇ ಕ್ಷಮೆಯನ್ನು ಬೇಡಬಹುದು. ಆದುದರಿಂದ ಭೇದವನ್ನು ಬೇರೆಡೆಯಲ್ಲಿ ಅರಸಬೇಕು. ಆ ಭೇದವನ್ನು ಲಕ್ಷ್ಮೀಶನ ಕಥೆಯೇ ತೋರಿಸುತ್ತದೆ. ಓಲೆಯನ್ನು ಒಡೆದವಳಿಗೆ ಓಲೆ ತಂದವನ ಮೇಲೆ ಯಾವ ಅಧಿಕಾರವೂ ಇರಲಿಲ್ಲ. ಅವಳು ಒಡೆದುದು ಒಂದೇ ಓಲೆಯನ್ನು, ಒಂದೇ ಸಲ. ಓದಿದ ಮೇಲೆ ತಾನು ಹೊರಗೆ ನಿಲ್ಲದೆ ತನ್ನ ಹೆಸರನ್ನೇ ಅದರೊಳಗೆ ಬರೆದಳು. ಓದಿದುದರ ಪರಿಣಾಮವನ್ನು ತನ್ನ ಬಾಳಿನ ಮೇಲೆಯೇ ಹಾಕಿಕೊಂಡಳು. ಹಗಲಿರುಳೂ ಸಾವಿರ ಜನರ ಪತ್ರಗಳನ್ನು ಸೋಸುವ ಯಂತ್ರಕ್ಕೆ ಹೆಸರಿಲ್ಲ, ಪರಿಣಾಮವೂ ಇಲ್ಲ. ಅದನ್ನು ನಡೆಸುವವನಿಗಾದರೆ ಓದಿದವನ ಕೂಲಿಯನ್ನು ನಿಲ್ಲಿಸುವ ಶಕ್ತಿಯುಂಟು.

ಯಜಮಾನರ ಪಕ್ಷದಲ್ಲಿ ಹೇಳುವ ಮಾತಿಲ್ಲವೆಂದಲ್ಲ. ಗಿರಾಕಿಯ ಹಣ, ವ್ಯಾಪಾರದ ಗುಟ್ಟು, ಹೆಣ್ಣುಮಕ್ಕಳಿಗೆ ಬರುವ ಅಸಭ್ಯ ಪತ್ರಗಳ ದೂರು, ಇವೆಲ್ಲ ನಿಜವಾದ ಕಾರಣಗಳೇ. ೨೦೨೩ರಲ್ಲಿ ನಮ್ಮ ಸಂಸತ್ತು ಅಂಗೀಕರಿಸಿದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣೆಯ ಕಾಯಿದೆಯು, ನೌಕರಿಯ ಉದ್ದೇಶಗಳಿಗಾಗಿಯೂ ಯಜಮಾನನನ್ನು ನಷ್ಟದಿಂದ ಕಾಪಾಡುವುದಕ್ಕಾಗಿಯೂ ನೌಕರನ ವೈಯಕ್ತಿಕ ವಿವರಗಳನ್ನು ಅವನ ಒಪ್ಪಿಗೆಯನ್ನು ಕೇಳದೆಯೇ ಬಳಸಬಹುದೆಂದು ಹೇಳುತ್ತದೆ. ಇದಕ್ಕೆ ಆರು ವರ್ಷ ಮೊದಲು, ಕರ್ನಾಟಕದ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಹೂಡಿದ ಮೊಕದ್ದಮೆಯಲ್ಲಿ, ೨೦೧೭ನೆಯ ಆಗಸ್ಟ್ ೨೪ರಂದು, ಸರ್ವೋಚ್ಚ ನ್ಯಾಯಾಲಯದ ಒಂಬತ್ತು ಮಂದಿ ನ್ಯಾಯಮೂರ್ತಿಗಳು ಖಾಸಗಿತನವು ಮೂಲಭೂತ ಹಕ್ಕೆಂದು ಒಮ್ಮತದಿಂದ ತೀರ್ಪಿತ್ತರು. ಆದರೆ ಮೂಲಭೂತ ಹಕ್ಕು ಮುಖ್ಯವಾಗಿ ಸರ್ಕಾರದ ಎದುರಿಗೆ ನಿಲ್ಲತಕ್ಕದ್ದು. ಖಾಸಗಿ ಕಂಪನಿಯ ಬಾಗಿಲಲ್ಲಿ ಅದರ ಧ್ವನಿ ಕ್ಷೀಣ.

ಆ ತೀರ್ಪಾದ ಹನ್ನೆರಡನೆಯ ದಿನ, ಸೆಪ್ಟೆಂಬರ್ ೫ರಂದು, ಯೂರೋಪಿನ ಮಾನವ ಹಕ್ಕುಗಳ ನ್ಯಾಯಾಲಯವು ರೊಮೇನಿಯದ ಬರ್ಬುಲೆಸ್ಕು ಪ್ರಕರಣದಲ್ಲಿ ತೀರ್ಪು ಕೊಟ್ಟಿತು. ಅಲ್ಲಿನ ಒಂದು ಕಂಪನಿಯು ಗಿರಾಕಿಗಳಿಗೆ ಉತ್ತರ ಕೊಡಲೆಂದು ನೌಕರನಿಂದ ಯಾಹೂ ಮೆಸೆಂಜರ್ ಖಾತೆಯನ್ನು ತೆರೆಸಿ, ೨೦೦೭ರ ಜುಲೈ ತಿಂಗಳಲ್ಲಿ ಅವನ ಸಂದೇಶಗಳನ್ನು ದಾಖಲಿಸಿ, ನಲವತ್ತೈದು ಪುಟಗಳನ್ನು ಅವನ ಮುಂದಿಟ್ಟಿತು. ತಮ್ಮ ಸಹೋದರನಿಗೂ ಮದುವೆಯಾಗಲಿದ್ದ ಹೆಣ್ಣಿಗೂ ಬರೆದ ಮಾತುಗಳು ಅದರಲ್ಲಿದ್ದುವು. ಕೆಲಸ ಹೋಯಿತು. ಸ್ವಂತ ಉಪಯೋಗ ಕೂಡದೆಂಬ ನಿಯಮವೇನೋ ಅವನಿಗೆ ಗೊತ್ತಿದ್ದಿತು. ಆದರೆ ಮಾತಿನ ಒಳಗಣ ಒಕ್ಕಣೆಯನ್ನೇ ಓದುವರೆಂದು ಮುಂಚಿತವಾಗಿ ತಿಳಿಸಿರಲಿಲ್ಲ. ಹದಿನೇಳು ಮಂದಿಯ ಪೀಠದಲ್ಲಿ ಹನ್ನೊಂದು ಮಂದಿ ನೌಕರನ ಪರವಾಗಿ ನಿಂತರು. ಕಾವಲೇ ಕೂಡದೆಂದು ಅವರು ಹೇಳಲಿಲ್ಲ. ಮೊದಲೇ ತಿಳಿಸಿದಿರಾ, ಎಷ್ಟು ಓದಿದಿರಿ, ಅಷ್ಟು ಓದದೆ ನಡೆಯುತ್ತಿರಲಿಲ್ಲವೆ ಎಂದು ಕೇಳಿದರು. ನಮ್ಮ ಕಂಪನಿಗಳ ನೇಮಕದ ಕಾಗದಗಳಲ್ಲಿ ಸಣ್ಣ ಅಕ್ಷರಗಳ ನಡುವೆ ಹುದುಗಿರುವ ಒಂದು ವಾಕ್ಯವು ಈ ಮೂರು ಪ್ರಶ್ನೆಗಳಿಗೆ ಉತ್ತರವಾಗಲಾರದು.

ಗುಟ್ಟಾಗಿ ಓದಿದವನಿಗೆ ಸತ್ಯವಾದರೂ ದೊರಕುವುದೆ? ಇದಕ್ಕೆ ಕನ್ನಡದಲ್ಲಿಯೇ ಬೇರೊಂದು ಕಥೆಯುಂಟು. ೧೮೨೩ರಲ್ಲಿ, ಮುಮ್ಮಡಿ ಕೃಷ್ಣರಾಜರ ಕಾಲದಲ್ಲಿ, ಕೆಂಪುನಾರಾಯಣನು ಮುದ್ರಾಮಂಜೂಷವೆಂಬ ಗದ್ಯಗ್ರಂಥದಲ್ಲಿ ವಿಶಾಖದತ್ತನ ಮುದ್ರಾರಾಕ್ಷಸದ ಕಥೆಯನ್ನು ನಮಗೆ ತಂದುಕೊಟ್ಟನು. ಮೂಲ ನಾಟಕದ ಐದನೆಯ ಅಂಕದಲ್ಲಿ ಮಲಯಕೇತುವಿನ ಪಾಳೆಯದೊಳಗೆ ಒಂದು ಪತ್ರ ಸಿಕ್ಕಿಬೀಳುತ್ತದೆ. ಅದರ ಮೇಲಿರುವುದು ಅವನ ಮಂತ್ರಿ ರಾಕ್ಷಸನ ಮುದ್ರೆ. ಮುದ್ರೆ ಕೆಡದಂತೆ ಅದನ್ನು ಬಿಡಿಸೆಂದು ಮಲಯಕೇತು ಅಪ್ಪಣೆಮಾಡುತ್ತಾನೆ. ಇಂದಿನ ಕಚೇರಿಯ ಕಾವಲಿನ ರೀತಿಯೂ ಇದೇ: ಓದಿದರೆಂಬ ಗುರುತು ಪತ್ರದ ಮೇಲೆ ಉಳಿಯುವುದಿಲ್ಲ. ಆದರೆ ಆ ಪತ್ರವನ್ನು ಹೂಡಿದವನು ಚಾಣಕ್ಯ. ಮುದ್ರೆ ನಿಜ, ಮಾತು ಸುಳ್ಳು. ಮಲಯಕೇತು ಎಲ್ಲವನ್ನೂ ಓದಿ, ತನಗಾಗಿ ದುಡಿಯುತ್ತಿದ್ದ ಒಬ್ಬನೇ ನಿಷ್ಠಾವಂತನನ್ನು ಕಳೆದುಕೊಂಡನು. ಪತ್ರವನ್ನು ಓದುವುದು ಬೇರೆ, ಮನುಷ್ಯನನ್ನು ಅರಿಯುವುದು ಬೇರೆಯೆಂಬ ವಿವೇಕ ಅವನಿಗಿರಲಿಲ್ಲ. ಆರ್. ಶಾಮಶಾಸ್ತ್ರಿಗಳು ೧೯೦೯ರಲ್ಲಿ ಮೈಸೂರಿನಲ್ಲಿ ಅಚ್ಚುಮಾಡಿಸಿದ ಅರ್ಥಶಾಸ್ತ್ರದಲ್ಲಿ, ಅಮಾತ್ಯರನ್ನು ಗುಟ್ಟಾಗಿ ಪರೀಕ್ಷಿಸುವ ನಾನಾ ಉಪಾಯಗಳನ್ನು ನಿಷ್ಕರುಣನಾಗಿ ವಿವರಿಸುವ ಕೌಟಿಲ್ಯನು ಕೂಡ ಒಂದೆಡೆ ತಡೆದು ನಿಲ್ಲುತ್ತಾನೆ: ಕೆಡದವನನ್ನು ಪರೀಕ್ಷೆಯಿಂದಲೇ ಕೆಡಿಸಬಾರದು, ಅದು ನೀರಿಗೆ ವಿಷ ಬೆರೆಸಿದಂತಾಗುವುದೆಂದು ಅವನ ಎಚ್ಚರಿಕೆ. ತನ್ನನ್ನು ಸದಾ ಓದುತ್ತಿರುವರೆಂದು ಬಲ್ಲ ನೌಕರನು ನಿಜವನ್ನು ಬರೆಯುವುದನ್ನೇ ಬಿಡುತ್ತಾನೆ; ಯಜಮಾನನ ಕೈಗೆ ಬರುವುದು ಅವನಿಗಾಗಿಯೇ ಸಿಂಗರಿಸಿದ ಮಾತು.

ಲಕ್ಷ್ಮೀಶನ ಕಥೆಗೆ ಮರಳಿದರೆ ಇನ್ನೊಂದು ಸೂಕ್ಷ್ಮವು ಕಾಣುವುದು. ದುಷ್ಟಬುದ್ಧಿಯು ಊರಿಗೆ ಹಿಂದಿರುಗಿ, ಕೊಲ್ಲಿಸಬೇಕಾಗಿದ್ದವನು ಅಳಿಯನಾಗಿರುವುದನ್ನು ಕಂಡು ಮಗನ ಮೇಲೆ ಕೆರಳುತ್ತಾನೆ. ಮದನನು ಅದೇ ಓಲೆಯನ್ನು ಮುಂದಿಡುತ್ತಾನೆ. ಮುದ್ರೆ ತನ್ನದು, ಬರೆಹ ತನ್ನದು. ಮಂತ್ರಿಯ ಬಾಯಿ ಕಟ್ಟುತ್ತದೆ. ಯಾರೋ ತಿದ್ದಿದರೆಂದು ಅವನು ಬಹಿರಂಗವಾಗಿ ಕೂಗಿಕೊಳ್ಳುವಂತಿಲ್ಲ. ಹಾಗೆ ಕೂಗಬೇಕಾದರೆ ತಾನು ಮೊದಲು ಬರೆದುದೇನೆಂಬುದನ್ನು ಹೇಳಬೇಕಾಗುವುದು. ಆದುದರಿಂದ ಅವನು ಓಲೆಯ ಮಾತನ್ನೇ ಬಿಟ್ಟು, ಅಳಿಯನನ್ನು ಚಂಡಿಕೆಯ ಗುಡಿಗೆ ಪೂಜೆಯ ನೆವದಿಂದ ಕಳುಹಿಸಿ ಕೊಲ್ಲಿಸುವ ಹೊಸ ಹಂಚಿಕೆಯನ್ನು ಹೂಡುತ್ತಾನೆ. ಗುಟ್ಟಾಗಿ ಪತ್ರವನ್ನು ಓದಿದ ಯಜಮಾನನೂ ತಾನು ಓದಿದೆನೆಂದು ಹೇಳಲಾರದೆ, ಹಾಜರಿಯ ಪುಸ್ತಕದಲ್ಲೋ ಕೆಲಸದ ಲೆಕ್ಕದಲ್ಲೋ ಬೇರೊಂದು ನೆವವನ್ನು ಹುಡುಕುತ್ತಾನೆ.