ಜರಡಿಯ ಕಣ್ಣು

ರಕ್ತದ ಕಾಂಡಕೋಶಗಳನ್ನು ದೇಹದ ಹೊರಗೆ ಬೆಳೆಸುವ ಮಾತು ಬಂದಾಗಲೆಲ್ಲ ಯಾರಾದರೊಬ್ಬರು ‘ಒಂದು ಲಕ್ಷ’ ಎನ್ನುತ್ತಾರೆ. 2010ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬೊಯಿಟಾನೊ ಮತ್ತು ಸಂಗಡಿಗರು ಪ್ರಕಟಿಸಿದ ಪ್ರಬಂಧದ ಕೀರ್ತಿ ನಿಂತಿರುವುದೇ ಅದರ ಮೇಲೆ: ಲಕ್ಷ ರಾಸಾಯನಿಕಗಳನ್ನು ಜರಡಿ ಹಿಡಿದು ಸ್ಟೆಮ್‌ರೆಜೆನಿನ್-1 ಎಂಬ ಒಂದನ್ನು ಹೆಕ್ಕಿದ್ದು.

ಪ್ರಬಂಧದ ಸಾರಾಂಶ ಈ ಶೋಧವನ್ನು ‘ಪೂರ್ವಗ್ರಹವಿಲ್ಲದ್ದು’ ಎನ್ನುತ್ತದೆ. ನನಗೆ ಚುಚ್ಚುವುದು ಈ ವಿಶೇಷಣ. ಯಾವ ಪ್ರೋಟೀನನ್ನು ತಡೆಯಬೇಕೆಂದು ಮೊದಲೇ ಊಹಿಸಿರಲಿಲ್ಲ ಎಂಬ ಅರ್ಥದಲ್ಲಿ ಅದು ನಿಜ. ಆದರೆ ಜರಡಿಗೆ ಕಣ್ಣಿನ ಅಳತೆ ಇದ್ದೇ ಇರುತ್ತದಲ್ಲ? ಇಲ್ಲಿ ಆ ಕಣ್ಣು ಸಿಡಿ34, ಸಿಡಿ133 ಎಂಬ ಗುರುತುಗಳು. ಒಂದೊಂದು ಗುಳಿಯಲ್ಲೂ ಒಂದೊಂದು ರಾಸಾಯನಿಕ ಹಾಕಿ, ಕೆಲವು ದಿನ ಬಿಟ್ಟು, ಆ ಗುರುತು ಹೊತ್ತ ಕೋಶಗಳೆಷ್ಟು ಉಳಿದಿವೆ ಎಂದು ನೋಡಿದರು. ಸಿಡಿ34 ಹೊತ್ತದ್ದೆಲ್ಲ ಕಾಂಡಕೋಶವಲ್ಲ; ಬಹುಪಾಲು ಆಗಲೇ ಒಂದು ದಾರಿ ಹಿಡಿದ ಪೂರ್ವಜ ಕೋಶಗಳು. ಕೋಶದ ಗುಣ ಕಳೆದು ಗುರುತನ್ನು ಮಾತ್ರ ಉಳಿಸುವ ರಾಸಾಯನಿಕವೂ ಈ ಕಣ್ಣಿನಲ್ಲಿ ಪಾಸಾಗಬಲ್ಲದು.

ಲೇಖಕರಿಗೆ ಇದು ಗೊತ್ತಿತ್ತು. ಸಿಡಿ34 ಕೋಶಗಳು 50 ಪಟ್ಟು ಹೆಚ್ಚಿದವು, ರೋಗನಿರೋಧಕ ಶಕ್ತಿಯಿಲ್ಲದ ಇಲಿಗಳಲ್ಲಿ ನೆಲೆಯೂರಬಲ್ಲ ಕೋಶಗಳು 17 ಪಟ್ಟು ಹೆಚ್ಚಿದವು ಎಂದು ಒಂದೇ ವಾಕ್ಯದಲ್ಲಿ ಬರೆದರು. ಎರಡೂ ಬೇರೆ ಅಳತೆಗೋಲು, ಒಂದರಿಂದ ಇನ್ನೊಂದನ್ನು ಕಳೆಯುವಂತಿಲ್ಲ. ಆದರೂ ರೋಗಿಗೆ ಬೇಕಾದದ್ದು ಎರಡನೆಯದು, ಹೊಗಳುವವರು ಹೊತ್ತು ತಿರುಗುವುದು ಮೊದಲನೆಯದನ್ನು.

ಇನ್ನೊಂದು ಬಣದವರು ಇದೆಲ್ಲ ಕತ್ತಲಲ್ಲಿ ಗಾಳ ಹಾಕುವುದು, ವಿಜ್ಞಾನವಲ್ಲ ಎಂದು ಮೂಗು ಮುರಿಯುತ್ತಾರೆ. ಇವರ ಮೇಲೆ ನನಗೆ ಇನ್ನೂ ಸಿಟ್ಟು. ಸ್ಟೆಮ್‌ರೆಜೆನಿನ್ ತಡೆಯುವುದು ಅರೈಲ್ ಹೈಡ್ರೋಕಾರ್ಬನ್ ರಿಸೆಪ್ಟರನ್ನು. ಡಯಾಕ್ಸಿನ್‌ನಂಥ ವಿಷದ ಕತೆಯಲ್ಲಿ ಹೆಸರಾಗಿದ್ದ ಪ್ರೋಟೀನದು. ಕಾಂಡಕೋಶ ಬೆಳೆಸಲು ಅದನ್ನು ತಡೆಯೋಣ ಎಂದು ಕುರ್ಚಿಯಲ್ಲಿ ಕೂತು ಯೋಚಿಸಿ ಹೊರಟವರು ಯಾರು? ಮದ್ದು ಮೊದಲು ಸಿಕ್ಕಿತು, ಕಾರಣ ಆಮೇಲೆ.

ಆದರೆ ಅದನ್ನು ಸಿಗುವಂತೆ ಮಾಡಿದ್ದು ಲಕ್ಷವಲ್ಲ. ಸುಲಭಕ್ಕೆ ಸಿಗುವ ಇಲಿಯ ಕೋಶಗಳನ್ನು ಬಿಟ್ಟು, ಮನುಷ್ಯರ ರಕ್ತದಿಂದಲೇ ತೆಗೆದ ಕೋಶಗಳನ್ನು ಬಳಸಿದ್ದು. ಇಲಿಯ ಕಾಂಡಕೋಶಗಳ ಮೇಲೆ ಈ ರಾಸಾಯನಿಕ ಕೆಲಸ ಮಾಡುವುದಿಲ್ಲ. ಕೋಶ ಬೇರೆಯಾಗಿದ್ದರೆ ಹತ್ತು ಲಕ್ಷ ಜರಡಿ ಹಿಡಿದರೂ ಇದು ಕಸದ ಜೊತೆ ಹೋಗುತ್ತಿತ್ತು. ಪ್ರಬಂಧದ ನಿಜವಾದ ಜಾಣತನ ಇದು, ಇದನ್ನು ಹೊಗಳಿದವರು ಕಡಿಮೆ.

2014ರಲ್ಲಿ ಮಾಂಟ್ರಿಯಲ್‌ನ ಗೀ ಸೊವಾಜೊ ತಂಡ ಇದೇ ಹುಡುಕಾಟದಲ್ಲಿ ಐದು ಸಾವಿರ ಚಿಲ್ಲರೆ ರಾಸಾಯನಿಕಗಳನ್ನಷ್ಟೇ ಪರೀಕ್ಷಿಸಿತು. ಕಣ್ಣು ಹೆಚ್ಚುಕಡಿಮೆ ಅದೇ, ಸಿಡಿ34ಕ್ಕೆ ಇನ್ನೊಂದು ಷರತ್ತು ಸೇರಿತ್ತು. ಸಿಕ್ಕವುಗಳಲ್ಲಿ ಹೆಚ್ಚಿನವು ಮತ್ತೆ ಅದೇ ರಿಸೆಪ್ಟರನ್ನು ತಡೆಯುವಂಥವು. ತಂಡ ಅವನ್ನು ಪಕ್ಕಕ್ಕಿಟ್ಟು, ಆ ರಿಸೆಪ್ಟರಿನ ತಂಟೆಗೇ ಹೋಗದ ಒಂದನ್ನು ಹಿಡಿದು ತಿದ್ದಿತು. ಯುಎಂ171 ಎಂಬ ರಾಸಾಯನಿಕ ಹುಟ್ಟಿದ್ದು ಅದರಿಂದ.