ಮಶೀನ್ ಕೂಡಿಸಿದ ಮೇಲೆ

ಬೀದರ್ ಜಿಲ್ಲೆಯ ಹುಡಗಿ, ಹುಮನಾಬಾದ್ ಕಡೆ ಪೇಸ್‌ಮೇಕರ್ ಎಂಬ ಹೆಸರು ಜನರ ಬಾಯಿಗೆ ಬರುವುದು ಕಡಿಮೆ. ‘ಎದ್ಯಾಗ ಮಶೀನ್ ಕೂಡ್ಸ್ಯಾರ’ ಎನ್ನುತ್ತಾರೆ. ಅದರ ಬೆನ್ನಿಗೇ ‘ಇನ್ನೇನ್ ಕಾಳಜಿ ಇಲ್ಲ’ ಎಂಬ ಮಾತು ಬರುತ್ತದೆ. ನನ್ನ ತಕರಾರು ಇರುವುದು ಆ ಎರಡನೆಯ ಮಾತಿನ ಮೇಲೆ. ತಪ್ಪು ಹಳ್ಳಿಯವರದಲ್ಲ. ಮಶೀನ್ ಕೂಡಿಸುವಲ್ಲಿಗೆ ಕೆಲಸ ಮುಗಿಯಿತು ಎಂಬ ನಂಬಿಕೆಯ ಮೇಲೆಯೇ ನಮ್ಮ ಹೃದಯ ಚಿಕಿತ್ಸೆಯ ವ್ಯವಸ್ಥೆ ನಿಂತಿದೆ.

ಆಗಿರುವ ಒಳ್ಳೆಯ ಕೆಲಸವನ್ನು ಮೊದಲು ಒಪ್ಪಿಕೊಳ್ಳಬೇಕು. 2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ ತೀರಿಕೊಂಡ ನಂತರ ಅವರ ಹೆಸರಿನಲ್ಲಿ ಬಂದ ‘ಹೃದಯ ಜ್ಯೋತಿ’ ಯೋಜನೆ ಈ ನಾಡಿಗೆ ಬೇಕಾಗಿತ್ತು. ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿಯನ್ನು ದೂರದ ತಜ್ಞರು ನಿಮಿಷಗಳಲ್ಲಿ ಓದುತ್ತಾರೆ. ಹೃದಯಾಘಾತವಾಗಿದ್ದರೆ ರಕ್ತದ ಗಡ್ಡೆ ಕರಗಿಸುವ ಟೆನೆಕ್ಟೆಪ್ಲೇಸ್ ಎಂಬ ದುಬಾರಿ ಚುಚ್ಚುಮದ್ದು ಅಲ್ಲಿಯೇ ಉಚಿತವಾಗಿ ಸಿಗುತ್ತದೆ. 2024ರ ಡಿಸೆಂಬರ್‌ನಲ್ಲಿ ಕಲಬುರಗಿಯಲ್ಲಿ ಜಯದೇವ ಹೃದ್ರೋಗ ಸಂಸ್ಥೆಯ 371 ಹಾಸಿಗೆಗಳ ಆಸ್ಪತ್ರೆಯೂ ಶುರುವಾಯಿತು. ಹೈದರಾಬಾದ್, ಸೊಲ್ಲಾಪುರಕ್ಕೆ ಓಡುತ್ತಿದ್ದ ನಮ್ಮ ಭಾಗದವರಿಗೆ ಇದು ಸಣ್ಣ ಮಾತಲ್ಲ.

ಆದರೆ ಈ ಎಲ್ಲ ಏರ್ಪಾಡೂ ಕಟ್ಟಿಕೊಂಡ ರಕ್ತನಾಳದ ಸುತ್ತ ಹೆಣೆದದ್ದು. ತಾಳ ತಪ್ಪುವ ಹೃದಯದ ಕಥೆ ಬೇರೆ. ಇಸಿಜಿ ಪಟ್ಟಿಯ ಮೇಲೆ ಮೂಡುವುದು ಹತ್ತು ಸೆಕೆಂಡಿನ ಬಡಿತ. ತಾಳ ತಪ್ಪುವುದು ಬೆಳಗಿನ ಜಾವವೋ, ಕಬ್ಬಿನ ಗದ್ದೆಯಲ್ಲಿ ಬಗ್ಗಿದಾಗಲೋ. ಚಕ್ಕರ ಬಂದು ಬಿದ್ದವರನ್ನು ದವಾಖಾನೆಗೆ ತರುವ ಹೊತ್ತಿಗೆ ಬಡಿತ ಸರಿಯಾಗಿರುತ್ತದೆ, ಒಂದು ಬಾಟಲಿ ಗ್ಲೂಕೋಸ್ ಹಾಕಿಸಿಕೊಂಡು ಮನೆಗೆ ಮರಳುತ್ತಾರೆ. ಒಂದು ಹಗಲು, ಒಂದು ರಾತ್ರಿ ಬಡಿತ ದಾಖಲಿಸುವ ಹೋಲ್ಟರ್ ಎಂಬ ಸಣ್ಣ ಯಂತ್ರ ಇಲ್ಲಿ ಬೇಕು. ಅದನ್ನು ಕಟ್ಟಿ ಕಳಿಸುವ ವ್ಯವಸ್ಥೆ ತಾಲ್ಲೂಕಿಗೆ ಬಾರದೆ ಈ ಕಾಯಿಲೆ ಕಣ್ಣಿಗೆ ಬೀಳುವುದಿಲ್ಲ.

ಇನ್ನು ಕೂಡಿಸಿದ ಮಶೀನಿನ ವಿಚಾರ. 1958ರ ಅಕ್ಟೋಬರ್ 8ರಂದು ಸ್ಟಾಕ್‌ಹೋಮ್‌ನಲ್ಲಿ ಆರ್ನೆ ಲಾರ್ಸನ್ ಎಂಬವರ ದೇಹದೊಳಗೆ ಜಗತ್ತಿನ ಮೊದಲ ಪೇಸ್‌ಮೇಕರ್ ಇಟ್ಟರು. ಅದು ಕೆಲವೇ ತಾಸು ನಡೆಯಿತು. ಲಾರ್ಸನ್ ಮಾತ್ರ ಒಂದರ ನಂತರ ಒಂದರಂತೆ 26 ಮಶೀನುಗಳನ್ನು ಸವೆಸಿ, 2001ರಲ್ಲಿ, 86ನೆಯ ವಯಸ್ಸಿನಲ್ಲಿ ತೀರಿಕೊಂಡರು. ಎಲ್ಲರೂ ಈ ಕಥೆಯನ್ನು ಶಸ್ತ್ರಚಿಕಿತ್ಸೆಯ ಗೆಲುವೆಂದು ಹೇಳುತ್ತಾರೆ. ನನಗೆ ಅದರಲ್ಲಿ ಕಾಣುವುದು 43 ವರ್ಷ ಬಿಡದೆ ನಡೆದ ನಿಗಾ.

ಆ ನಿಗಾ ನಮ್ಮಲ್ಲಿ ಎಲ್ಲಿದೆ? ಪೇಸ್‌ಮೇಕರ್ ಬ್ಯಾಟರಿ ಸಾಮಾನ್ಯವಾಗಿ ಎಂಟು-ಹತ್ತು ವರ್ಷ ಬಾಳುತ್ತದೆ. ಅದು ಮುಗಿಯುವ ಸೂಚನೆ ತಿಂಗಳುಗಳ ಮೊದಲೇ ಸಿಗುತ್ತದೆ, ಆದರೆ ಸಾಮಾನ್ಯವಾಗಿ ‘ಪ್ರೋಗ್ರಾಮರ್’ ಎಂಬ ಯಂತ್ರವನ್ನು ಎದೆಯ ಹತ್ತಿರ ಹಿಡಿದಾಗ. ತಂತಿ ಜರುಗಿದೆಯೇ, ಎಷ್ಟು ಬಡಿತ ಹೃದಯದ್ದು, ಎಷ್ಟು ಮಶೀನಿನದು ಎಂಬುದೂ ಅದರಿಂದ ತಿಳಿಯುತ್ತದೆ. ಬಲ ಹೃತ್ಕುಕ್ಷಿಯನ್ನು ಮಶೀನು ಸದಾ ಬಡಿಸುತ್ತಿದ್ದರೆ ಕೆಲವರ ಹೃದಯ ವರ್ಷಗಳಲ್ಲಿ ಸೋಲುತ್ತದೆ. ಹೊತ್ತಿಗೆ ನೋಡಿದರೆ ತಡೆಯಬಹುದು. ಇಷ್ಟಕ್ಕೂ ಒಂದು ಕಂಪನಿಯ ಪ್ರೋಗ್ರಾಮರ್ ಇನ್ನೊಂದು ಕಂಪನಿಯ ಮಶೀನನ್ನು ಓದುವುದಿಲ್ಲ. ಹಾಗಾಗಿ ಎಷ್ಟೋ ಕಡೆ ತಪಾಸಣೆ ನಡೆಯುವುದು ಕಂಪನಿಯ ತಂತ್ರಜ್ಞರು ಬರುವ ದಿನ. ರೋಗಿಯ ಬದುಕಿನ ಲೆಕ್ಕವನ್ನು ಮಾರುವವರ ಕೈಗೆ ಬಿಟ್ಟು ಕೂತಿರುವ ಈ ಪದ್ಧತಿಯನ್ನು ನಾನು ಒಪ್ಪಲಾರೆ. ಸ್ಟೆಂಟಿಗೆ 2017ರಲ್ಲಿ ಕೇಂದ್ರ ಸರ್ಕಾರ ಗರಿಷ್ಠ ಬೆಲೆ ಕಟ್ಟಿತು. ಪೇಸ್‌ಮೇಕರಿಗೂ ಅಂಥ ಕಡಿವಾಣ ಬೇಕು.

ರೋಗಿಗೆ ಕೊಡುವ ತಿಳಿವಳಿಕೆ ಇನ್ನೂ ಬಡವಾಗಿದೆ. ಇಂಗ್ಲಿಷ್ ಚೀಟಿಯಲ್ಲಿ ‘ಪ್ರಬಲ ಕಾಂತಕ್ಷೇತ್ರದಿಂದ ದೂರವಿರಿ’ ಎಂಬರ್ಥದ ಒಂದು ಸಾಲು ಇರುತ್ತದೆ. ಹೊಲದವನಿಗೆ ಅದರಿಂದ ಏನು ತಿಳಿಯಬೇಕು? ಹಂದಿ ಕಾಟಕ್ಕೆ ಕಟ್ಟಿದ ಝಟಕಾ ತಂತಿಯನ್ನು ಮುಟ್ಟಬೇಡ, ವೆಲ್ಡಿಂಗ್ ಮಾಡುವಲ್ಲಿ ನಿಲ್ಲಬೇಡ, ಮೊಬೈಲನ್ನು ಮಶೀನ್ ಇರುವ ಕಡೆಯ ಅಂಗಿ ಜೇಬಿನಲ್ಲಿ ಇಡಬೇಡ, ಮೊದಲ ನಾಲ್ಕಾರು ವಾರ ಆ ಕೈಯನ್ನು ಹೆಗಲಿಗಿಂತ ಮೇಲೆ ಎತ್ತಬೇಡ ಎಂದು ಅವನ ಮಾತಿನಲ್ಲಿ ಹೇಳಬೇಕು. ಬಸವಕಲ್ಯಾಣದ ನೆರೆಯ ಈ ಊರುಗಳಲ್ಲಿ ಎದೆಯ ಮೇಲೆ ಇಷ್ಟಲಿಂಗ ಧರಿಸುವವರು ಬಹಳ. ಲಿಂಗ ತೆಗೆದಿಡಬೇಕೇ ಎಂಬ ಅಂಜಿಕೆಗೆ ಯಾವ ಚೀಟಿಯಲ್ಲೂ ಉತ್ತರವಿಲ್ಲ. ಬೆಳ್ಳಿ ಕರಡಿಗೆಗೆ ಕಾಂತಗುಣವಿಲ್ಲ, ಮಶೀನಿಗೆ ಅದರಿಂದ ಬಾಧೆಯಿಲ್ಲ. ಗಾಯ ಮಾಯುವತನಕ ಶಿವದಾರ ಅದಕ್ಕೆ ಉಜ್ಜದಂತೆ ನೋಡಿಕೊಂಡರೆ ಸಾಕು. ಇಷ್ಟು ಹೇಳಲು ಕನ್ನಡದ ಒಂದು ಹಾಳೆ ಸಾಲದೇ?

ಅಡ್ಡಾದಿಡ್ಡಿ ಬಡಿತದವರ, ಅಂದರೆ ಏಟ್ರಿಯಲ್ ಫಿಬ್ರಿಲೇಷನ್ ಇರುವವರ ಪಾಡೂ ಇಂಥದ್ದೇ. ಅವರಿಗೆ ದೊಡ್ಡ ಅಪಾಯ ಪಾರ್ಶ್ವವಾಯು. ಅದನ್ನು ತಡೆಯಲು, ಅವರಲ್ಲಿ ಸಂಧಿವಾತ ಜ್ವರದಿಂದ ಕವಾಟ ಕೆಟ್ಟವರಿಗೆ, ರಕ್ತ ಹೆಪ್ಪುಗಟ್ಟದಂತೆ ಮಾಡುವ ಹೊಸ ಗುಳಿಗೆ ರಿವರಾಕ್ಸಬಾನ್‌ಗಿಂತ ಹಳೆಯ ವಾರ್ಫರಿನ್ ಬಗೆಯ ಔಷಧವೇ ಮೇಲೆಂದು 2022ರ ಇನ್‌ವಿಕ್ಟಸ್ ಅಧ್ಯಯನ ತೋರಿಸಿದೆ. ಆದರೆ ವಾರ್ಫರಿನ್ ನುಂಗುವವರು ರಕ್ತ ಹೆಪ್ಪುಗಟ್ಟುವ ವೇಗ ಅಳೆಯುವ ಐಎನ್‌ಆರ್ ಪರೀಕ್ಷೆಯನ್ನು ಬಿಡದೆ ಮಾಡಿಸುತ್ತಿರಬೇಕು. ಅದು ಊರ ಹತ್ತಿರ ಆಗದಿದ್ದರೆ ಔಷಧವೇ ಕುತ್ತು ತರುತ್ತದೆ.

ಹೃದಯ ಜ್ಯೋತಿ ಒಳ್ಳೆಯ ಕೆಲಸ, ಅರ್ಧಕ್ಕೆ ನಿಂತ ಕೆಲಸ. ಹುಮನಾಬಾದಿನಿಂದ ಕಲಬುರಗಿ ಸುಮಾರು 60 ಕಿಲೋಮೀಟರು. ಒಬ್ಬ ತಂತ್ರಜ್ಞ, ನಾಲ್ಕು ಕಂಪನಿಗಳ ಪ್ರೋಗ್ರಾಮರ್‌ಗಳು, ಒಂದು ಜೀಪು ಇದ್ದರೆ ಮೂರು ತಿಂಗಳಿಗೊಮ್ಮೆ ಇಲ್ಲಿಯ ತಾಲ್ಲೂಕು ಆಸ್ಪತ್ರೆಯಲ್ಲಿ ‘ಮಶೀನ್ ದಿನ’ ನಡೆಸಬಹುದು. ಸರ್ಕಾರ ಇದನ್ನು ಯೋಜನೆಗೆ ಸೇರಿಸಲಿ. ಅಲ್ಲಿಯತನಕ, ಮನೆಯಲ್ಲಿ ಮಶೀನ್ ಕೂಡಿಸಿಕೊಂಡ ಹಿರಿಯರಿದ್ದರೆ ಆಸ್ಪತ್ರೆ ಕೊಟ್ಟ ಪೇಸ್‌ಮೇಕರ್ ಕಾರ್ಡನ್ನು ಇಂದೇ ಹುಡುಕಿ, ಕೊನೆಯ ತಪಾಸಣೆಯ ತಾರೀಖು ನೋಡಿ. ವರ್ಷ ದಾಟಿದ್ದರೆ ಅವರನ್ನು ಕರೆದುಕೊಂಡು ಹೋಗಿ.