ಶಯನಗೃಹದ ರೇಡಿಯೋ: ಒಂದು ಲಕ್ಷಣವಾಕ್ಯದ ವ್ಯಾಖ್ಯಾನ

ಮೂಲ: ಶಯ್ಯೆಯ ಪಕ್ಕದಲ್ಲಿದ್ದು, ಕತ್ತಲಲ್ಲೂ ಕೈಗೆ ವಶವಾಗಿ, ಎಎಂ–ಎಫ್‌ಎಂಗಳೆರಡನ್ನೂ ಹಿಡಿದು, ಮೆಲುದನಿಯಲ್ಲಿಯೂ ಮಾತು ತಿಳಿಯುವಂತೆ ನುಡಿದು, ಹೊತ್ತಾದಾಗ ತಾನೇ ಸುಮ್ಮನಾಗುವುದು ಶಯನಗೃಹದ ರೇಡಿಯೋ.

ಅವತರಣಿಕೆ. ಮಲಗಿ ಕೇಳುವುದಕ್ಕೆ ಎಂಥ ರೇಡಿಯೋ ತಕ್ಕದ್ದು ಎಂಬ ಪ್ರಶ್ನೆಗೆ ಉತ್ತರವಾಗಿ ಈ ವಾಕ್ಯವಿದೆ. ಬೆಲೆಯನ್ನಾಗಲಿ, ಕಂಪನಿಯ ಹೆಸರನ್ನಾಗಲಿ ಇದು ಹೇಳುವುದಿಲ್ಲ. ಲಕ್ಷಣವನ್ನು, ಅಂದರೆ ಇತರ ರೇಡಿಯೋಗಳಿಂದ ಇದನ್ನು ಬೇರ್ಪಡಿಸುವ ಗುರುತುಗಳನ್ನು, ಹೇಳುತ್ತದೆ. ಒಂದೊಂದು ವಿಶೇಷಣವೂ ಒಂದೊಂದು ದೋಷವನ್ನು ಹೊರಗಿಡುವುದಕ್ಕಾಗಿ ಬಂದಿದೆ. ಯಾವ ಮಾತು ಯಾವ ದೋಷವನ್ನು ತಡೆಯುತ್ತದೆಂದು ತಿಳಿದವರಿಗೆ ಹೊಸತನ್ನು ಆರಿಸುವುದೂ ಮನೆಯಲ್ಲಿರುವ ಹಳೆಯದನ್ನು ಹೊಂದಿಸಿಕೊಳ್ಳುವುದೂ ಸುಲಭವಾಗುತ್ತದೆ.

‘ಶಯ್ಯೆಯ ಪಕ್ಕದಲ್ಲಿದ್ದು’. ಮೊದಲು ಸ್ಥಳವನ್ನು ಹೇಳಿದ್ದೇಕೆ? ಹಜಾರದಲ್ಲಿ ಚೆನ್ನಾಗಿ ನುಡಿಯುವ ರೇಡಿಯೋ ಮಂಚದ ಪಕ್ಕದಲ್ಲಿ ಗರಗರ ಎನ್ನುವುದುಂಟು. ಆದ್ದರಿಂದ ಸ್ಥಳವೇ ಮೊದಲ ಪರೀಕ್ಷೆ. ಈಗಿನ ಮಂಚದ ಪಕ್ಕದಲ್ಲಿ ಮೊಬೈಲ್ ಚಾರ್ಜರ್ ಇರುತ್ತದೆ, ತಲೆಯ ಮೇಲೆ ಎಲ್‌ಇಡಿ ದೀಪವಿರುತ್ತದೆ, ಗೋಡೆಯಾಚೆ ಇನ್ವರ್ಟರ್ ಇದ್ದರೂ ಇರಬಹುದು. ಇವುಗಳೊಳಗಿನ ವಿದ್ಯುನ್ಮಂಡಲಗಳು ಸೆಕೆಂಡಿಗೆ ಸಾವಿರಾರು ಬಾರಿ ತೆರೆದು ಮುಚ್ಚುತ್ತ, ಆ ಕೆಲಸದಲ್ಲೇ ರೇಡಿಯೋ ಅಲೆಗಳನ್ನೂ ಚೆಲ್ಲುತ್ತವೆ. ಎಎಂ ಕೇಳುವವರಿಗೆ ಆ ಚೆಲ್ಲಿದ್ದೇ ಗರಗರ ಸದ್ದು. ಪರೀಕ್ಷೆಯ ಕ್ರಮ ಹೀಗೆ: ರೇಡಿಯೋವನ್ನು ಸೆಲ್ಲಿನಲ್ಲಿ ಹಚ್ಚಿ, ಸ್ಟೇಷನ್ನಿಗೆ ಟ್ಯೂನ್ ಮಾಡಿ, ಕೋಣೆಯ ಚಾರ್ಜರ್, ದೀಪ, ಫ್ಯಾನಿನ ರೆಗ್ಯುಲೇಟರ್ ಇವನ್ನು ಒಂದೊಂದಾಗಿ ಆರಿಸುವುದು. ಯಾವುದನ್ನು ಆರಿಸಿದಾಗ ಸದ್ದು ನಿಂತಿತೋ ಅದೇ ಕಾರಣ. ಚಾರ್ಜರನ್ನು ಕೋಣೆಯ ಇನ್ನೊಂದು ಗೋಡೆಗೆ ಸಾಗಿಸಿದರೆ ಎಷ್ಟೋ ರೇಡಿಯೋಗಳು ರಿಪೇರಿಯಿಲ್ಲದೆ ಸರಿಹೋಗುತ್ತವೆ. ಕಾಂಕ್ರೀಟಿನೊಳಗಿನ ಕಬ್ಬಿಣದ ಸರಳುಗಳೂ ಅಲೆಯನ್ನು ಕುಂದಿಸುತ್ತವೆ. ಹಾಗಾಗಿ ಮಂಚದ ಎರಡು ಬದಿಗಳಲ್ಲಿ ಕಿಟಕಿಯ ಕಡೆಯದು ಮೇಲು.

‘ಕತ್ತಲಲ್ಲೂ ಕೈಗೆ ವಶವಾಗಿ’. ವಶವಾಗುವುದೆಂದರೆ ಕಣ್ಣಿನ ನೆರವಿಲ್ಲದೆ ಬೆರಳಿಗೆ ತಿಳಿಯುವುದು. ಹಗಲಿನಲ್ಲಿ ಅಂದವಾಗಿ ಕಾಣುವ, ಒಂದೇ ಅಳತೆಯ ಗುಂಡಿಗಳು ಸಾಲಾಗಿರುವ ರೇಡಿಯೋ ರಾತ್ರಿ ತೊಡಕಾಗುತ್ತದೆ: ದನಿ ತಗ್ಗಿಸಲು ಹೋದ ಬೆರಳು ಸ್ಟೇಷನ್ನನ್ನೇ ಬದಲಿಸಿಬಿಡುತ್ತದೆ. ಬಲಕ್ಕೊಂದು ದೊಡ್ಡ ಬಿರಡೆ ಸ್ಟೇಷನ್ನಿಗೆ, ಎಡಕ್ಕೊಂದು ಚಿಕ್ಕ ಬಿರಡೆ ದನಿಗೆ ಎಂಬ ಹಳೆಯ ಏರ್ಪಾಡು ಈ ವಿಶೇಷಣಕ್ಕೆ ಚೆನ್ನಾಗಿ ಒಪ್ಪುತ್ತದೆ. ಇಲ್ಲದಿದ್ದರೆ ಹೊಂದಿಸಿಕೊಳ್ಳುವ ಬಗೆಯುಂಟು. ಬೇಕಾದ ಗುಂಡಿಯ ಮೇಲೆ ಉಗುರುಬಣ್ಣದ ಒಂದು ದಪ್ಪ ತೊಟ್ಟನ್ನಿಟ್ಟು ಒಣಗಿಸಿದರೆ ಬೆರಳಿಗೆ ಗುರುತು ಸಿಗುತ್ತದೆ. ಹಗುರವಾದ ರೇಡಿಯೋ ಗುಂಡಿ ಒತ್ತಿದೊಡನೆ ಹಿಂದಕ್ಕೆ ಜಾರುತ್ತದೆ. ಅಡಿಗೆ ರಬ್ಬರಿನ ತುಂಡು ಅಂಟಿಸಿದರೆ ನಿಲ್ಲುತ್ತದೆ. ‘ಕತ್ತಲಲ್ಲೂ’ ಎಂಬ ಮಾತಿನಿಂದಲೇ, ಕತ್ತಲನ್ನು ಕೆಡಿಸುವ ಬೆಳಕು ಇರಬಾರದೆಂದೂ ಅರ್ಥ ಹೊರಡುತ್ತದೆ. ಗಡಿಯಾರವುಳ್ಳ ರೇಡಿಯೋಗಳ ಪೈಕಿ ನೀಲಿ ಅಂಕಿಯದಕ್ಕಿಂತ ಕೆಂಪು ಅಂಕಿಯದು ನಿದ್ರೆಗೆ ಹಿತ. ಬೆಳಕು ತಗ್ಗಿಸುವ ಸೌಕರ್ಯವಿಲ್ಲದಿದ್ದರೆ ಅಂಕಿಯ ಮೇಲೆ ಬಣ್ಣದ ಪಾರದರ್ಶಕ ಹಾಳೆಯನ್ನು ಅಂಟಿಸಬಹುದು.

‘ಎಎಂ’. ಅಲೆಯ ಎತ್ತರವನ್ನು ದನಿಗೆ ಅನುಸಾರವಾಗಿ ಏರಿಳಿಸುವ ಪ್ರಸಾರಕ್ರಮವೇ ಎಎಂ. ಮುಖಫಲಕದಲ್ಲಿ 530ರಿಂದ 1600ರವರೆಗೆ, ಕೆಲವದರಲ್ಲಿ ಇನ್ನೂ ತುಸು ಮುಂದಕ್ಕೆ, ಬರೆದಿರುವ ಮೀಡಿಯಂ ವೇವ್ ಸಾಲು ಇದರದೇ. ಬೆಂಗಳೂರು ಆಕಾಶವಾಣಿಯ 612 ಕಿಲೋಹರ್ಟ್ಸ್, ಧಾರವಾಡದ 765, ಭದ್ರಾವತಿಯ 675 ಇವೆಲ್ಲ ಈ ಸಾಲಿನವು. 612ರ ಅಲೆಯ ಉದ್ದ ಸುಮಾರು 490 ಮೀಟರ್. ಅಷ್ಟು ಉದ್ದದ ಅಲೆಯನ್ನು ಅಂಗೈಯಗಲದ ಪೆಟ್ಟಿಗೆ ಹಿಡಿಯುವುದು ಒಳಗಿನ ಫೆರೈಟ್ ಕಡ್ಡಿಯಿಂದ, ಅಂದರೆ ತಾಮ್ರದ ಎಳೆ ಸುತ್ತಿದ, ಕಪ್ಪಗಿನ ಕಾಂತೀಯ ದಂಡದಿಂದ. ಈ ಕಡ್ಡಿಗೆ ದಿಕ್ಕಿನ ನಿಯಮವಿದೆ: ಅದರ ಮಗ್ಗುಲು ಸ್ಟೇಷನ್ನಿನ ಕಡೆಗಿದ್ದರೆ ದನಿ ಬಲವಾಗುತ್ತದೆ, ತುದಿ ಆ ಕಡೆಗಿದ್ದರೆ ಕುಗ್ಗುತ್ತದೆ. ಎಎಂ ಸರಿಯಾಗಿ ಬಾರದಿದ್ದಾಗ ಉದ್ದದ ಏರಿಯಲ್ಲನ್ನು ಎಳೆದು ಪ್ರಯೋಜನವಿಲ್ಲ, ಪೆಟ್ಟಿಗೆಯನ್ನೇ ತಿರುಗಿಸಬೇಕು. ಗದ್ದಲದ ಮೂಲವಿರುವ ಕಡೆಗೆ ಕಡ್ಡಿಯ ತುದಿ ಬರುವಂತೆ ಇಟ್ಟರೆ ಗದ್ದಲವೂ ತಗ್ಗುತ್ತದೆ. ಕಡ್ಡಿ ಉದ್ದವಾದಷ್ಟೂ ಹಿಡಿತ ಹೆಚ್ಚು. ಅಗಲವಾದ ಪೆಟ್ಟಿಗೆಯ ರೇಡಿಯೋಗಳು ಎಎಂನಲ್ಲಿ ಸಾಮಾನ್ಯವಾಗಿ ಮೇಲಾಗಿರುವುದಕ್ಕೆ ಇದು ಕಾರಣ.

ಎಎಂಗೆ ರಾತ್ರಿಯೊಡನೆ ಇರುವ ಸಂಬಂಧವನ್ನೂ ಇಲ್ಲಿಯೇ ತಿಳಿಯಬೇಕು. ಹಗಲಿನಲ್ಲಿ ಅಯಾನುಗೋಳದ, ಅಂದರೆ ಮೇಲಿನ ವಾಯುಮಂಡಲದ ವಿದ್ಯುದಾವಿಷ್ಟ ಪದರಗಳ, ಅತಿ ಕೆಳಗಿನ ಪದರ ಮೀಡಿಯಂ ವೇವ್ ಅಲೆಗಳನ್ನು ಹೀರಿಬಿಡುತ್ತದೆ. ಸೂರ್ಯ ಮುಳುಗಿದ ಮೇಲೆ ಆ ಪದರ ಕರಗುತ್ತದೆ. ಅಲೆಗಳು ಮೇಲಿನ ಪದರಕ್ಕೆ ತಗುಲಿ ಹಿಂದಿರುಗಿ ನೂರಾರು ಕಿಲೋಮೀಟರ್ ದಾಟುತ್ತವೆ. ಆದ್ದರಿಂದ ಮಲಗುವ ಹೊತ್ತೇ ದೂರದ ಸ್ಟೇಷನ್ನುಗಳ ಹೊತ್ತು. ಬೆಂಗಳೂರಿನ ಮಂಚದಲ್ಲಿ ಮಲಗಿದವರು ಚೆನ್ನೈಯ 720, ಹೈದರಾಬಾದಿನ 738, ಧಾರವಾಡದ 765 ಈ ಮೂರನ್ನೂ ಹುಡುಕಬಹುದು. ಮುಳ್ಳು ಕೂದಲೆಳೆಯಷ್ಟು ಸರಿದರೆ ತಮಿಳು ಹೋಗಿ ತೆಲುಗು, ಇನ್ನಷ್ಟು ಸರಿದರೆ ತೆಲುಗು ಹೋಗಿ ಕನ್ನಡ. ಇವನ್ನು ಒಂದರೊಳಗೊಂದು ಬೆರೆಯದಂತೆ ಬಿಡಿಸಿಕೊಡುವ ಗುಣಕ್ಕೆ ಆಯ್ಕೆಶಕ್ತಿ ಎನ್ನಬಹುದು. ಅಗ್ಗದ ರೇಡಿಯೋಗಳಲ್ಲಿ ಕೊರತೆಯಾಗುವುದು ಇದೇ.

ಹೊರದೇಶದಿಂದ ತಂದ ಡಿಜಿಟಲ್ ರೇಡಿಯೋಗಳ ವಿಷಯದಲ್ಲಿ ಇನ್ನೊಂದು ಎಚ್ಚರ ಬೇಕು. ಭಾರತದಲ್ಲಿ ಎಎಂ ಸ್ಟೇಷನ್ನುಗಳ ನಡುವಣ ಅಂತರ 9 ಕಿಲೋಹರ್ಟ್ಸ್. ಮೇಲೆ ಹೇಳಿದ ಸಂಖ್ಯೆಗಳೆಲ್ಲ ಒಂಬತ್ತರಿಂದ ಶೇಷವಿಲ್ಲದೆ ಭಾಗವಾಗುವುದನ್ನು ಕಾಣಬಹುದು. ಅಮೆರಿಕದಲ್ಲಿ ಆ ಅಂತರ 10. ಅಲ್ಲಿರುವ ಮಕ್ಕಳು ತಂದೆತಾಯಿಗೆಂದು ತಂದುಕೊಟ್ಟ ರೇಡಿಯೋ 610ಕ್ಕೆ ನಿಂತು, ಮರುಹೆಜ್ಜೆಗೆ 620ಕ್ಕೆ ಹಾರುತ್ತದೆ. 612 ಅದಕ್ಕೆ ಸರಿಯಾಗಿ ಸಿಕ್ಕುವುದಿಲ್ಲ. 9 ಮತ್ತು 10ರ ನಡುವೆ ಬದಲಿಸುವ ಸ್ವಿಚ್ಚು ಅನೇಕ ರೇಡಿಯೋಗಳ ಹಿಂಬದಿಯಲ್ಲೋ ಸೆಲ್ಲಿನ ಗೂಡಿನೊಳಗೋ ಇರುತ್ತದೆ. ಹಾಗೆ ಬದಲಿಸುವ ಸೌಕರ್ಯವೇ ಇಲ್ಲದ ಡಿಜಿಟಲ್ ರೇಡಿಯೋ ಇಲ್ಲಿ ಎಎಂಗೆ ಸರಿಯಾಗಿ ಒದಗದು. ಮುಳ್ಳು ಸರಿಯುವ ಹಳೆಯ ಬಗೆಯ ರೇಡಿಯೋಗಳಿಗೆ ಈ ತೊಡಕೇ ಇಲ್ಲ.

‘ಎಫ್‌ಎಂ’. ಇಲ್ಲಿ ಏರಿಳಿಯುವುದು ಅಲೆಯ ಎತ್ತರವಲ್ಲ, ಅದರ ಆವೃತ್ತಿ, ಅಂದರೆ ಸೆಕೆಂಡಿಗೆ ಎಷ್ಟು ಬಾರಿ ಅಲುಗುತ್ತದೆಂಬ ಲೆಕ್ಕ. ದೀಪ–ಚಾರ್ಜರುಗಳ ಗದ್ದಲ ಬಹುಮಟ್ಟಿಗೆ ಅಲೆಯ ಎತ್ತರವನ್ನೇ ಕೆಡಿಸುವುದರಿಂದ, ಎತ್ತರವನ್ನು ಲೆಕ್ಕಿಸದ ಎಫ್‌ಎಂ ರೇಡಿಯೋಗೆ ಅದರ ಬಾಧೆ ಕಡಿಮೆ. ಅಮೆರಿಕದ ಎಡ್ವಿನ್ ಆರ್ಮ್‌ಸ್ಟ್ರಾಂಗ್ 1933ರಲ್ಲಿ ಪೇಟೆಂಟ್ ಪಡೆದ ಕ್ರಮದ ಹೆಚ್ಚಳ ಇದೇ. ಬೆಂಗಳೂರಿನ ಎಫ್‌ಎಂ ರೇನ್‌ಬೋ 101.3, ವಿವಿಧ ಭಾರತಿ 102.9, ಮೈಸೂರು ಆಕಾಶವಾಣಿ 100.6 ಮೆಗಾಹರ್ಟ್ಸ್. ಈ ಅಲೆಗಳ ಉದ್ದ ಸುಮಾರು ಮೂರು ಮೀಟರ್. ಅದರ ಕಾಲುಭಾಗವಾದ ಮುಕ್ಕಾಲು ಮೀಟರಿನ ಏರಿಯಲ್ ಇವಕ್ಕೆ ತಕ್ಕದ್ದು. ಏರಿಯಲ್ ಮುರಿದಿದ್ದರೆ ಅದರ ಬುಡಕ್ಕೆ ಅಷ್ಟೇ ಉದ್ದದ ತಂತಿಯನ್ನು ಸಿಕ್ಕಿಸಿ ಗೋಡೆಯ ಮೇಲೆ ನೇರವಾಗಿ ಹಾಯಿಸಿದರೆ ಕೆಲಸ ನಡೆಯುತ್ತದೆ. ಅನೇಕ ಗಡಿಯಾರ ರೇಡಿಯೋಗಳಲ್ಲಿ ಹಿಂದೆ ಜೋತಾಡುವ ತೆಳ್ಳನೆಯ ದಾರದಂಥ ತಂತಿಯೇ ಏರಿಯಲ್; ಅದನ್ನು ಸುರುಳಿ ಸುತ್ತಿ ಕಟ್ಟಿಡುವುದು ತಪ್ಪು, ಬಿಡಿಸಿ ಹರಡುವುದು ಸರಿ. ದನಿಯಲ್ಲಿ ಸುಯ್ಯೆನ್ನುವ ಸದ್ದು ಬೆರೆತಿದ್ದರೆ ಸ್ಟೀರಿಯೋವನ್ನು ಮೋನೋಗೆ ಬದಲಿಸಿದೊಡನೆ ತಗ್ಗುತ್ತದೆ.

‘ಎರಡನ್ನೂ ಹಿಡಿದು’. ಇಲ್ಲಿ ಆಕ್ಷೇಪವೊಂದು ಬರುತ್ತದೆ: ಎಫ್‌ಎಂ ನಿರ್ಮಲವಾಗಿರುವಾಗ ಎಎಂ ಏಕೆ? ಎರಡೂ ಮೊಬೈಲಿನ ಆ್ಯಪಿನಲ್ಲಿ ಸಿಗುವಾಗ ರೇಡಿಯೋವೇ ಏಕೆ? ಸಮಾಧಾನ: ಎಫ್‌ಎಂ ಅಲೆ ಹೆಚ್ಚುಕಡಿಮೆ ನೇರ ನೋಟದ ದಾರಿಯಲ್ಲಿ ಸಾಗುವುದರಿಂದ ಬೆಟ್ಟ ಅಡ್ಡ ಬಂದಲ್ಲಿ ಸೊರಗುತ್ತದೆ, ಮಲೆನಾಡಿನ ಕಣಿವೆಯ ಮನೆಗೂ ತಲುಪುವ ಶಕ್ತಿ ಎಎಂಗಿದೆ. 1935ರಲ್ಲಿ ಎಂ.ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಲ್ಲಿ ಆರಂಭಿಸಿದ ಆಕಾಶವಾಣಿಯಿಂದ ಮೊದಲಾಗಿ ಕನ್ನಡ ನಾಡು ದಶಕಗಳ ಕಾಲ ಕೇಳಿದ್ದು ಎಎಂನಲ್ಲಿಯೇ. ಎಫ್‌ಎಂ ಪ್ರಸಾರ ಭಾರತಕ್ಕೆ ಚೆನ್ನೈಯಲ್ಲಿ ಬಂದದ್ದು 1977ರಲ್ಲಿ. ದೇಶದ ಮೊದಲ ಖಾಸಗಿ ಎಫ್‌ಎಂ ಬೆಂಗಳೂರಿನಲ್ಲಿ ಶುರುವಾದದ್ದು 2001ರಲ್ಲಿ. ಮಾತು, ವಾರ್ತೆ, ದೂರದ ಊರು ಎಎಂನ ಪಾಲು. ಸಂಗೀತದ ಸೊಗಸು ಎಫ್‌ಎಂನ ಪಾಲು. ಇನ್ನು ಮೊಬೈಲು ದನಿಯೊಡನೆ ಬೆಳಕನ್ನೂ ಸಂದೇಶಗಳನ್ನೂ ಹಾಸಿಗೆಗೆ ತರುತ್ತದೆ. ಕರೆಂಟು ಹೋಗಿ ಟವರು ನಿಂತಾಗ ಸುಮ್ಮನಾಗುತ್ತದೆ. ಎರಡು ಸೆಲ್ಲಿನ ರೇಡಿಯೋ ಅಂಥ ರಾತ್ರಿಯಲ್ಲೂ ನುಡಿಯುತ್ತದೆ.

‘ಮೆಲುದನಿಯಲ್ಲಿಯೂ ಮಾತು ತಿಳಿಯುವಂತೆ ನುಡಿದು’. ಪಕ್ಕದಲ್ಲಿ ಇನ್ನೊಬ್ಬರು ಮಲಗಿರುತ್ತಾರೆಂಬುದು ಈ ವಿಶೇಷಣದ ಹಿನ್ನೆಲೆ. ದನಿ ಎಷ್ಟು ಏರುತ್ತದೆಂದು ಅಂಗಡಿಯಲ್ಲಿ ಎಲ್ಲರೂ ನೋಡುತ್ತಾರೆ. ಇಲ್ಲಿ ನೋಡಬೇಕಾದದ್ದು ಎಷ್ಟು ಇಳಿಯುತ್ತದೆಂಬುದನ್ನು. ಮೆಟ್ಟಿಲು ಮೆಟ್ಟಿಲಾಗಿ ದನಿ ಬದಲಾಗುವ ಡಿಜಿಟಲ್ ರೇಡಿಯೋಗಳಲ್ಲಿ ಮೊದಲ ಮೆಟ್ಟಿಲೇ ನಡುರಾತ್ರಿಗೆ ಜೋರಾಗುವುದುಂಟು. ತಿರುಗಿಸುವ ಬಿರಡೆಯಲ್ಲಿ ಎಷ್ಟು ಬೇಕೋ ಅಷ್ಟಕ್ಕೆ ನಿಲ್ಲಿಸಬಹುದು. ಹಳೆಯ ಬಿರಡೆ ತಿರುಗಿಸುವಾಗ ಕರಕರ ಎಂದರೆ ಒಳಗೆ ಧೂಳು ಸೇರಿದೆಯೆಂದು ತಿಳಿದು ಕಾಂಟ್ಯಾಕ್ಟ್ ಕ್ಲೀನರ್ ಹಾಯಿಸಬೇಕು. ‘ಮಾತು ತಿಳಿಯುವಂತೆ’ ಎಂಬುದಕ್ಕೆ ಇನ್ನೊಂದು ಅರ್ಥವಿಶೇಷವಿದೆ. ಎಎಂನಲ್ಲಿ ಎತ್ತರದ ಸ್ವರಾಂಶಗಳು ಕತ್ತರಿಸಿಹೋಗುತ್ತವೆ. ‘ಸ’ಕಾರದ ಬಲ ಬಹುಮಟ್ಟಿಗೆ ಅಲ್ಲೇ ಇರುವುದರಿಂದ ಆ ಅಕ್ಷರ ಮೊಂಡಾಗುತ್ತದೆ. ಆದುದರಿಂದ ವಾರ್ತೆ ಕೇಳುವಾಗ ಟೋನ್ ಬಿರಡೆ ತೀಕ್ಷ್ಣದ ಕಡೆಗಿರಲಿ, ವಿವಿಧ ಭಾರತಿಯಲ್ಲಿ ರಾತ್ರಿ ಹತ್ತರ ಚಿತ್ರಗೀತೆಗಳ ‘ಛಾಯಾಗೀತ್’ ಕೇಳುವಾಗ ಮೃದುವಿನ ಕಡೆಗಿರಲಿ. ಇಷ್ಟರಿಂದಲೂ ಪಕ್ಕದವರಿಗೆ ತೊಂದರೆಯಾದರೆ ದಿಂಬಿನಡಿಗೆ ಇಡುವ ಚಪ್ಪಟೆ ಸ್ಪೀಕರನ್ನು ಇಯರ್‌ಫೋನಿನ ತೂತಿಗೆ ಜೋಡಿಸಬಹುದು. ಕಿವಿಯಲ್ಲಿ ತಂತಿ ಸಿಕ್ಕಿಸಿಕೊಂಡು ಮಗ್ಗುಲಾಗುವ ಕಷ್ಟ ಇದರಿಂದ ತಪ್ಪುತ್ತದೆ.

‘ಹೊತ್ತಾದಾಗ ತಾನೇ ಸುಮ್ಮನಾಗುವುದು’. ಕೇಳುವವರು ನಿದ್ರೆಗೆ ಜಾರಿದ ಮೇಲೆ ಆರಿಸುವವರಾರು? ಸ್ಲೀಪ್ ಎಂದು ಬರೆದ ಗುಂಡಿಯಿರುವುದು ಇದಕ್ಕಾಗಿ: ಗೊತ್ತುಮಾಡಿದ ನಿಮಿಷಗಳಾದ ಮೇಲೆ ಅದು ರೇಡಿಯೋವನ್ನು ತಾನೇ ಆರಿಸುತ್ತದೆ. ಈ ಸೌಕರ್ಯವಿಲ್ಲದ ಹಳೆಯ ರೇಡಿಯೋವನ್ನು ಅಡಾಪ್ಟರಿನಲ್ಲಿ ನಡೆಸಿ, ಆ ಅಡಾಪ್ಟರನ್ನು ಟೈಮರ್ ಪ್ಲಗ್ಗಿಗೆ ಸಿಕ್ಕಿಸಿದರೆ ಅದೇ ಫಲ ಸಿಗುತ್ತದೆ. ಅಡಾಪ್ಟರ್ ಆಯ್ದುಕೊಳ್ಳುವಾಗ ಎರಡು ಮಾತು ನೆನಪಿರಬೇಕು. ಮೊಬೈಲ್ ಚಾರ್ಜರಿನ ಜಾತಿಯ ಹಗುರ ಅಡಾಪ್ಟರ್ ತಾನೇ ಗದ್ದಲ ಚೆಲ್ಲುತ್ತದೆ. ಒಳಗೆ ಟ್ರಾನ್ಸ್‌ಫಾರ್ಮರ್ ಇರುವ ಭಾರದ ಅಡಾಪ್ಟರ್ ಎಎಂಗೆ ಹಿತ. ವೋಲ್ಟೇಜೂ, ಧನ–ಋಣಗಳ ಗುರುತೂ ರೇಡಿಯೋದ ಮೇಲೆ ಬರೆದಂತೆಯೇ ಇರಬೇಕು. ವ್ಯತ್ಯಾಸವಾದರೆ ರೇಡಿಯೋ ಸುಟ್ಟುಹೋದೀತು. ಅಡಾಪ್ಟರಿನಲ್ಲೇ ಬಹುಕಾಲ ನಡೆಸುವುದಾದರೆ ಸೆಲ್ಲುಗಳನ್ನು ಹೊರತೆಗೆದಿಡಬೇಕು. ಮರೆತ ಸೆಲ್ಲು ಸೋರಿ ಒಳಗಿನ ತಗಡುಗಳನ್ನು ತಿಂದುಹಾಕುತ್ತದೆ. ಅಟ್ಟದಿಂದ ಇಳಿಸಿದ ರೇಡಿಯೋಗಳನ್ನು ಕೆಡಿಸಿರುವುದು ಹೆಚ್ಚಾಗಿ ಇದೇ.

‘ಶಯನಗೃಹದ ರೇಡಿಯೋ’. ಇದು ವಿಶೇಷ್ಯ, ಹಿಂದಿನ ಎಲ್ಲ ವಿಶೇಷಣಗಳೂ ಇಲ್ಲಿ ಬಂದು ಸೇರುತ್ತವೆ. ಸೇರಿಸಿ ನೋಡಿದಾಗ ಗುಣಗಳು ಎರಡು ಬಗೆಯವೆಂದು ತಿಳಿಯುತ್ತದೆ. ಸ್ವಾಭಾವಿಕ ಗುಣಗಳು, ಅಂದರೆ ಹುಟ್ಟಿನಿಂದಲೇ ಇರಬೇಕಾದವು, ಮೂರು: ಎಎಂ–ಎಫ್‌ಎಂಗಳೆರಡನ್ನೂ ಹಿಡಿಯುವ ಶಕ್ತಿ, ಒತ್ತಾಗಿರುವ ಸ್ಟೇಷನ್ನುಗಳನ್ನು ಬಿಡಿಸುವ ಶಕ್ತಿ, ದನಿ ಕೊನೆಯ ಮೆಲುಪಿನವರೆಗೆ ಇಳಿಯುವಿಕೆ. ಆಗಂತುಕ ಗುಣಗಳು, ಅಂದರೆ ಆಮೇಲೆ ಕೂಡಿಸಬಹುದಾದವು, ಉಳಿದೆಲ್ಲ: ಬೆರಳಿಗೆ ಗುರುತು, ಮಂದ ಬೆಳಕು, ಎಫ್‌ಎಂ ತಂತಿ, ದಿಂಬಿನ ಸ್ಪೀಕರ್, ಹೊತ್ತಿಗೆ ಆರುವ ಏರ್ಪಾಡು. ಕೊಳ್ಳುವವರು ಹಣ ಕೊಡಬೇಕಾದದ್ದು ಮೊದಲಿನ ಮೂರಕ್ಕೆ. ಗಡಿಯಾರ, ಬಣ್ಣದ ದೀಪ, ಬ್ಲೂಟೂತ್ ಎಷ್ಟಿದ್ದರೂ ಆ ಮೂರರ ಕೊರತೆಯನ್ನು ತುಂಬಲಾರವು. ಆ ಮೂರೂ ಇರುವ ಅಪ್ಪನ ಕಾಲದ ಟ್ರಾನ್ಸಿಸ್ಟರ್ ಮನೆಯಲ್ಲೇ ಇದ್ದರೆ ಹೊಸತನ್ನು ಕೊಳ್ಳುವ ಅಗತ್ಯವೇ ಇಲ್ಲ. ಪರೀಕ್ಷೆಯನ್ನು ಹಗಲಿನಲ್ಲಿ ಅಂಗಡಿಯ ಮೇಜಿನ ಮೇಲೆ ಮುಗಿಸಬಾರದು. ಹಿಂದಿರುಗಿಸಬಹುದೆಂಬ ಒಪ್ಪಂದದಲ್ಲಿ ಮನೆಗೆ ತಂದು, ರಾತ್ರಿ ಮಂಚದ ಪಕ್ಕದಲ್ಲಿಟ್ಟು, ದೀಪವಾರಿಸಿ, ಮಲಗಿಕೊಂಡೇ ಮಾಡಬೇಕು. ತಮ್ಮ ಊರಿನ ಎಎಂ ಸ್ಟೇಷನ್ನನ್ನು ಹಿಡಿದು, ದನಿಯನ್ನು ಪಕ್ಕದವರಿಗೆ ಕೇಳಿಸದಷ್ಟು ಇಳಿಸಿ, ವಾರ್ತೆಯ ಪ್ರತಿಯೊಂದು ಮಾತೂ ತಿಳಿಯಿತೆಂದರೆ ಲಕ್ಷಣವಾಕ್ಯ ಆ ರೇಡಿಯೋದಲ್ಲಿ ಪೂರ್ಣವಾಗಿ ಅನ್ವಯಿಸಿತೆಂದು ತಿಳಿಯತಕ್ಕದ್ದು.